ಮೂರು ಕೊಟೇಶನ್, ಒಂದು ಕನ್ನಡಕ

"ಕನ್ನಡಕ ತಾನೇ? ಆ ಯೋಚನೆ ನನಗೆ ಬಿಡು. ಶುಕ್ರವಾರದ ಹೊತ್ತಿಗೆ ಈ ಚೆನ್ನೈನಲ್ಲಿ ಸಿಗೋ ಅತ್ಯುತ್ತಮ ಕನ್ನಡಕ ನಿನ್ನ ಮೂಗಿನ ಮೇಲೆ ಕೂತಿರದಿದ್ರೆ ನನ್ನ ಹೆಸರು ವಿಶ್ವನಾಥನೇ ಅಲ್ಲ!"

ಸೋಮವಾರ ಬೆಳಗ್ಗೆ ಇಡ್ಲಿಯ ತಟ್ಟೆ ಮುಂದಿಟ್ಟುಕೊಂಡು ವಿಶ್ವನಾಥ ಮಾಡಿದ ಈ ಘೋರ ಪ್ರತಿಜ್ಞೆಗೆ ಸಾಕ್ಷಿಯಾಗಿದ್ದವರು ಇಬ್ಬರೇ: ಹೆಂಡತಿ ಸುಮತಿ, ಮಗಳು ನೇಹಾ. ಸುಮತಿ "ಹೂಂ" ಎಂದಳು. ನೇಹಾ ಮೊಬೈಲಿನಿಂದ ತಲೆ ಎತ್ತದೆ, "ಅಪ್ಪಾ, ಆಪ್‌ಲ ಆರ್ಡರ್ ಪಣ್ಣಿಡಲಾಂ" ಎಂದಳು. ಚೆನ್ನೈನಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಏನು ಕೇಳಿದರೂ ಉತ್ತರ ತಮಿಳಿನಲ್ಲೇ.

"ಆಪ್‌ನಲ್ಲಿ ಆರ್ಡರ್ ಮಾಡೋಕೆ ಅದೇನು ಪಿಜ್ಜಾನಾ? ಕಣ್ಣು ಕಣಮ್ಮಾ, ಕಣ್ಣು!"

ವಿಷಯ ನಿಜಕ್ಕೂ ಸಣ್ಣದಲ್ಲ. ಇಪ್ಪತ್ತೆರಡು ವರ್ಷ ಅಡುಗೆಮನೆಯ ಗೋಡೆಗಳಷ್ಟೇ ಕೇಳಿದ್ದ ಸುಮತಿಯ ದನಿಗೆ ಮೊದಲ ಬಾರಿ ಒಂದು ಕರೆ ಬಂದಿತ್ತು. ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಅವಳು ಮಕ್ಕಳಿಗೆ ಕತೆ ಹೇಳಿದ್ದನ್ನು ರಮಾಬಾಯಿ ಕೇಳಿದ್ದರು. ವಡಪಳನಿಯ ಒಂದು ಸ್ಟುಡಿಯೋದಲ್ಲಿ ತಮಿಳು ಧಾರಾವಾಹಿಗಳಿಗೆ ಕನ್ನಡ ದನಿ ಕೊಡಿಸುವ ಕೆಲಸ ಈ ರಮಾಬಾಯಿಯವರದು. ಅವರೇ ಫೋನ್ ಮಾಡಿದ್ದರು.

"ಅತ್ತೆ ಪಾತ್ರ ಕಣ್ರೀ, ನಿಮ್ಮ ದನಿ ಹೇಳಿ ಮಾಡಿಸಿದ ಹಾಗಿದೆ. ಶುಕ್ರವಾರ ಹನ್ನೊಂದು ಗಂಟೆಗೆ ಬಂದ್ಬಿಡಿ. ಕೈಯಲ್ಲಿರೋ ಹಾಳೆ ಓದ್ಬೇಕು, ಎದುರಿಗಿರೋ ಪರದೆ ನೋಡ್ಬೇಕು, ಅಲ್ಲಿ ಕಾಣೋ ನಟಿಯ ತುಟಿಗೆ ನಿಮ್ಮ ಮಾತು ಕೂಡಿಸ್ಬೇಕು. ಹಿಂದೆ ಬಂದಿದ್ದ ಇಬ್ಬರು ಹಾಳೆ ಕಾಣ್ದೆ ತಡವರಿಸಿದ್ರು ನೋಡಿ. ಕಾಲು ಗಂಟೇಲಿ ಮನೆಗೆ ಕಳಿಸಿದ್ರು ನಮ್ಮ ಡೈರೆಕ್ಟರು!"

ಆ ಕೊನೆಯ ಮಾತು ಸುಮತಿಗೇ ಹೇಳಿದ ಹಾಗಿತ್ತು. ಒಂದು ವರ್ಷದಿಂದ ಅವಳು ಪೇಪರನ್ನು ದೂರ, ಇನ್ನೂ ದೂರ ಎಂದು ಹಿಡಿಯುತ್ತಾ ಹೋಗಿ, ಈಗ ಕೈಯ ಉದ್ದವೇ ಸಾಲದಾಗಿತ್ತು.

ಇನ್ನು ನಮ್ಮ ವಿಶ್ವನಾಥ. ಹೊಳಲ್ಕೆರೆ ಕಡೆಯ ಹಳ್ಳಿಯವನು, ವಂಶದಲ್ಲೇ ಮೊದಲ ಡಿಗ್ರಿ ಅವನದು. ಪ್ಯಾರೀಸ್ ಕಾರ್ನರಿನ ಹತ್ತಿರ ಒಂದು ವಿಮಾ ಕಚೇರಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಾನೆ. ಮೂರು ಕಡೆಯಿಂದ ಕೊಟೇಶನ್ ತರಿಸದೆ ಅವನು ಒಂದು ಗುಂಡುಸೂಜಿಯನ್ನೂ ಕೊಂಡವನಲ್ಲ. ಇದು ಅವನ ಒಂದು ಗುಣ. ಇನ್ನೊಂದು ಗುಣವೆಂದರೆ, ತನ್ನವರು ಯಾರೂ ಯಾವ ಪರೀಕ್ಷೆಯಲ್ಲೂ ನಪಾಸಾಗುವುದನ್ನು ಅವನಿಂದ ನೋಡಲಾಗದು. ತಮ್ಮನನ್ನು, ಇಬ್ಬರು ತಂಗಿಯರನ್ನು, ಆಮೇಲೆ ಮಗಳನ್ನು ಪಕ್ಕದಲ್ಲಿ ಕೂತು, ಗಂಟಲು ಹರಿದುಕೊಂಡು ಓದಿಸಿ ದಡ ಮುಟ್ಟಿಸಿದವನು. ಈ ಎರಡು ಗುಣಗಳು ಸೇರಿದರೆ ಎಂಥ ಸಿಡಿಮದ್ದಾಗುತ್ತದೆ ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ!

ಮಂಗಳವಾರ ಸಂಜೆ ಮೊದಲ ಅಂಗಡಿ. ಮಾಲ್ ಒಂದರೊಳಗಿನ ಫಳಫಳ ಹೊಳೆಯುವ ಶೋರೂಮು. ಹಲ್ಲು ಕಟಕಟ ಎನ್ನುವಷ್ಟು ಎ.ಸಿ. ಕತ್ತಲೆ ಕೋಣೆಯಲ್ಲಿ ಸುಮತಿಯನ್ನು ದೊಡ್ಡ ಕುರ್ಚಿಯ ಮೇಲೆ ಕೂರಿಸಿ, ಮೂಗಿಗೆ ಕಬ್ಬಿಣದ ಚೌಕಟ್ಟು ಸಿಕ್ಕಿಸಿ, ಎದುರಿನ ಗೋಡೆಯ ಮೇಲೆ ಬೆಳಗುವ ಅಕ್ಷರಗಳನ್ನು ಓದಿ ಎಂದಳು ಅಲ್ಲಿನ ಹುಡುಗಿ.

ಸುಮತಿ ಗಾಬರಿಯಿಂದ ಸೆರಗು ಹಿಡಿದುಕೊಂಡಳು. ಬಾಯಿ ಬರಲಿಲ್ಲ. ಪಿಯುಸಿಯ ಇಂಗ್ಲಿಷ್ ಪರೀಕ್ಷೆಯಾದ ಮೇಲೆ ಯಾರೂ ಅವಳನ್ನು ಹೀಗೆ ಒಂಟಿಯಾಗಿ ಕೂರಿಸಿ ಪ್ರಶ್ನೆ ಕೇಳಿರಲಿಲ್ಲ. ಐದು ಸೆಕೆಂಡು. ಹತ್ತು ಸೆಕೆಂಡು. ಹಿಂದೆ ನಿಂತಿದ್ದ ವಿಶ್ವನಾಥ ಗಡಿಯಾರ ನೋಡಿಕೊಂಡ. ಅಯ್ಯೋ, ನಪಾಸಾಗುತ್ತಿದ್ದಾಳೆ! ಕಣ್ಣೆದುರಿಗೇ ನಪಾಸು! ಅವನು ಮೆಲ್ಲನೆ ಕುರ್ಚಿಯ ಹಿಂಬದಿಗೆ ಬಾಗಿ ಪಿಸುಗುಟ್ಟಿದ: "ಪಿ..."

"ಪಿ" ಎಂದಳು ಸುಮತಿ.

ಹುಡುಗಿ ತಲೆ ಅಲ್ಲಾಡಿಸಿ ಗಾಜು ಬದಲಿಸಿದಳು. "ಈಗ?"

"ಈಗಲೂ ಪಿ..." ಎಂದು ಹಿಂದಿನಿಂದ ಉಸಿರು. "ಈಗಲೂ ಪಿ" ಎಂದು ಮುಂದಿನಿಂದ ಉತ್ತರ. ಹುಡುಗಿ ಇನ್ನೊಂದು ಗಾಜು ಹಾಕಿದಳು. ಮೊದಲೇ ಕಣ್ಣು ಅಳೆದಿದ್ದ ಯಂತ್ರ ಒಂದು ಹೇಳುತ್ತಿತ್ತು, ಸುಮತಿಯ ಬಾಯಿ ಮತ್ತೊಂದು. ಪಾಪ, ಹುಡುಗಿ ಗಿರಾಕಿಯ ಬಾಯನ್ನೇ ನಂಬಿದಳು.

ಆಮೇಲೆ ಕೈಗೆ ಒಂದು ಸಣ್ಣ ಅಕ್ಷರದ ಚೀಟಿ ಕೊಟ್ಟಳು, ಹತ್ತಿರದ ದೃಷ್ಟಿ ನೋಡಲು. ಅದನ್ನಂತೂ ವಿಶ್ವನಾಥ ಹೆಗಲ ಮೇಲಿಂದ ಇಣುಕಿ ಪಟಪಟನೆ ಹೇಳಿಕೊಟ್ಟ. ಸುಮತಿ ಪಟಪಟನೆ ಒಪ್ಪಿಸಿದಳು. ಫಲಿತಾಂಶ ಹೊರಬಿತ್ತು: ದೂರಕ್ಕೆ ಮೈನಸ್ ಎರಡು. ಹತ್ತಿರಕ್ಕೆ ಏನೂ ಬೇಡ, ದೃಷ್ಟಿ ಸೂಪರ್!

ಹೊರಗೆ ಬಂದ ಮೇಲೆ ಸುಮತಿ ಅನುಮಾನದಿಂದ ಕೇಳಿದಳು. "ರೀ, ನನಗೆ ಕಾಣದೇ ಇರೋದು ಹತ್ತಿರದ್ದಲ್ವಾ?"

"ದೂರದ್ದು ಸರಿಹೋದ್ರೆ ಹತ್ತಿರದ್ದು ತಾನಾಗೇ ಸರಿಹೋಗುತ್ತೆ ಕಣೇ. ಅದು ವಿಜ್ಞಾನ!"

ಬುಧವಾರ ಎರಡನೆಯ ಅಂಗಡಿ, ತ್ರಿಪ್ಲಿಕೇನಿನಲ್ಲಿ. ಮೆಸ್ಸಿನ ಹುಳಿಯ ವಾಸನೆ ಒಂದು ಕಡೆ, ಲಾಡ್ಜಿನ ಮೆಟ್ಟಿಲು ಇನ್ನೊಂದು ಕಡೆ, ನಡುವೆ ರೈಲು ಬೋಗಿಯಂತೆ ಉದ್ದನೆಯ ಕಿರಿದಾದ ಅಂಗಡಿ. ಬಸ್ ಸ್ಟಾಪಿನಲ್ಲಿ ದೂರದಿಂದ ಬರುತ್ತಿದ್ದ ಬಸ್ಸಿನ ಬೋರ್ಡನ್ನು ಎಂದಿನಂತೆ ಸುಮತಿಯೇ ಓದಿ ಹೇಳಿದ್ದಳು. ಬಸ್ಸಿನ ನಂಬರ್ ನೋಡುವಂಥ ಚಿಲ್ಲರೆ ಕೆಲಸಕ್ಕೆ ವಿಶ್ವನಾಥ ಎಂದೂ ಕಣ್ಣು ಸವೆಸಿದವನಲ್ಲ.

ಅಂಗಡಿಯೊಳಗೆ ಮುದುಕರೊಬ್ಬರು ಸುಮತಿಯನ್ನು ಕೂರಿಸಿದರು. ಒಳಗೆ ಇಬ್ಬರಿಗೆ ಜಾಗವಿಲ್ಲ. ವಿಶ್ವನಾಥ ಬಾಗಿಲ ಬಳಿಯೇ ನಿಂತು, ಕಣ್ಣು ಕಿರಿದು ಮಾಡಿ, ಅಲ್ಲಿಂದಲೇ ತುಟಿ ಕುಣಿಸಿದ. ಸುಮತಿ ಎದುರಿನ ಕನ್ನಡಿಯಲ್ಲಿ ಗಂಡನ ತುಟಿ ನೋಡಿ ನೋಡಿ ಒಪ್ಪಿಸಿದಳು. ಮುದುಕರಿಗೆ ಈ ಮನುಷ್ಯ ಹೆಂಡತಿಯ ಕಣ್ಣಿಗಾಗಿ ಮಂತ್ರ ಜಪಿಸುತ್ತಿದ್ದಾನೆ ಎಂದೇ ಅನ್ನಿಸಿತು. ಭಕ್ತಿಯಿಂದ ಕೈ ಮುಗಿದು ಮೈನಸ್ ಎರಡೂಮುಕ್ಕಾಲು ಎಂದು ಬರೆದುಕೊಟ್ಟರು.

"ಎರಡೂಮುಕ್ಕಾಲಾ!" ವಿಶ್ವನಾಥ ಬೀದಿಯಲ್ಲೇ ಕೂಗಿದ. "ನಿನ್ನೆಯಿಂದ ಇವತ್ತಿಗೆ ಮುಕ್ಕಾಲು ಜಾಸ್ತಿ! ಯಾವನೋ ಒಬ್ಬ ಸುಳ್ಳು ಹೇಳ್ತಿದಾನೆ!"

"ಮುಕ್ಕಾಲು ಹೋಗ್ಲಿ ರೀ, ನಾಡಿದ್ದೇ ಶುಕ್ರವಾರ. ಇದನ್ನೇ ಮಾಡಿಸಿಬಿಡೋಣ."

"ಎರಡು ಕೊಟೇಶನ್ ಮೇಲೆ ತೀರ್ಮಾನ ಮಾಡೋಕೆ ನಿಯಮದಲ್ಲಿ ಅವಕಾಶ ಇಲ್ಲ!"

ಗುರುವಾರ ಮಧ್ಯಾಹ್ನ ಮೂರನೆಯದು, ಪ್ಯಾರೀಸ್ ಕಾರ್ನರಿನ ಗಲ್ಲಿಯೊಂದರಲ್ಲಿ. ಡಜನ್ ಲೆಕ್ಕದಲ್ಲಿ ಫ್ರೇಮುಗಳನ್ನು ಮಲ್ಲಿಗೆ ದಂಡೆಯಂತೆ ನೇತುಹಾಕಿದ ಸಗಟು ಅಂಗಡಿ. ಪರೀಕ್ಷೆ ಮಾಡುವುದು ಪರದೆಯ ಹಿಂದಿನ ಒಂದು ಗೂಡಿನಲ್ಲಿ. ಅಕ್ಷರದ ಬೋರ್ಡಿನ ಪಕ್ಕದಲ್ಲೇ ವಿಶ್ವನಾಥನಿಗೆ ಸ್ಟೂಲ್ ಸಿಕ್ಕಿತು. ಫಲಿತಾಂಶ: ಮೈನಸ್ ಒಂದೂವರೆ.

ಎರಡು, ಎರಡೂಮುಕ್ಕಾಲು, ಒಂದೂವರೆ! ಒಬ್ಬಳೇ ಹೆಂಡತಿ, ಎರಡೇ ಕಣ್ಣು, ಮೂರು ಉತ್ತರ! ಪ್ರಪಂಚದಲ್ಲಿ ಪ್ರಾಮಾಣಿಕತೆ ಎಂಬುದೇ ಸತ್ತುಹೋಗಿದೆ ಎಂದು ವಿಶ್ವನಾಥ ಅಲ್ಲೇ ತೀರ್ಪು ಕೊಟ್ಟ. ತೀರ್ಪು ಕೊಟ್ಟರೆ ಕನ್ನಡಕ ಬಂತೇ? ಗಡಿಯಾರ ಮೂರು ತೋರಿಸುತ್ತಿತ್ತು. ಕೊನೆಗೆ ಅತಿ ಹೆಚ್ಚೂ ಅಲ್ಲದ ಅತಿ ಕಡಿಮೆಯೂ ಅಲ್ಲದ ಕೊಟೇಶನ್ನೇ ನ್ಯಾಯವಾದದ್ದು ಎಂದು ನಿರ್ಧರಿಸಿ, ಮಾಲ್‌ಗೆ ಓಡಿ, ನೇಹಾ ಫೋನಿನಲ್ಲೇ ಆರಿಸಿಕೊಟ್ಟ ಗುಲಾಬಿ ಫ್ರೇಮಿಗೆ ಮೈನಸ್ ಎರಡು ಹಾಕಿಸಿಕೊಂಡು ಮನೆಗೆ ಬಂದ.

ಸುಮತಿ ಕನ್ನಡಕ ಹಾಕಿಕೊಂಡಳು. ನೆಲ ಮೇಲೆದ್ದು ಬಂತು. ಒಂದು ಹೆಜ್ಜೆ ಇಟ್ಟರೆ ಹೊಸ್ತಿಲು ಎರಡು ಗೇಣು ಹಿಂದೆ ಸರಿಯಿತು. ಸಾರು ತಟ್ಟೆಯ ಹೊರಗೆ ಬಿತ್ತು, ಅನ್ನ ಮಾತ್ರ ಒಣಗಿ ಕೂತಿತ್ತು. ನೇಹಾ ನಗಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು. ರಮಾಬಾಯಿ ಅಭ್ಯಾಸಕ್ಕೆಂದು ಕಳಿಸಿದ್ದ ಹಾಳೆಯನ್ನು ಸುಮತಿ ಕೈಗೆತ್ತಿಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು. ಮೊದಲು ಮಸುಕಾಗಿದ್ದ ಅಕ್ಷರಗಳು ಈಗ ಇರುವೆಗಳಾಗಿ ಎದ್ದು ನಡೆಯತೊಡಗಿದ್ದವು.

ಅವಳು ಅಳಲಿಲ್ಲ. ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು. "ರಮಾಬಾಯಿಯವರಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ. ಹೋಗಿ ವಾಪಸ್ ಕಳಿಸಿಕೊಳ್ಳೋದಕ್ಕಿಂತ ಹೋಗದೇ ಇರೋದೇ ಮರ್ಯಾದೆ."

ವಿಶ್ವನಾಥ ಅವಳ ಕೈಯಿಂದ ಫೋನ್ ಕಿತ್ತುಕೊಂಡ. "ಬೆಳಗ್ಗೆ ಹತ್ತೂವರೆವರೆಗೆ ಟೈಮ್ ಕೊಡು" ಎಂದಷ್ಟೇ ಅಂದ.

ಶುಕ್ರವಾರ ಒಂಬತ್ತೂವರೆ. ಸ್ಟುಡಿಯೋ ಬೀದಿಯ ತುದಿಯಲ್ಲೇ ಇದ್ದ ಒಂದು ಪುಟ್ಟ ಕನ್ನಡಕದ ಅಂಗಡಿಯ ಮುಂದೆ ಗಂಡ ಹೆಂಡತಿ ನಿಂತಿದ್ದರು. ಷಟರು ಮುಚ್ಚಿತ್ತು. ಒಂಬತ್ತೂಮುಕ್ಕಾಲು. ಮುರುಗನ ಗುಡಿಗೆ ಹೊರಟವರೆಲ್ಲ ಹೂವು ಹಿಡಿದು ಅವರನ್ನು ದಾಟಿ ಹೋದರು. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಸ್ಕೂಟಿಯಲ್ಲಿ ಒಬ್ಬ ಯುವತಿ ಬಂದಿಳಿದಳು. ಬಿಳಿ ಕೋಟಿನ ಮೇಲೆ ಹರ್ಷಿಣಿ ಎಂದು ಹೆಸರಿತ್ತು. ಕಣ್ಣಿನ ಪರೀಕ್ಷೆಯನ್ನೇ ಕಾಲೇಜಿನಲ್ಲಿ ಓದಿ ಬಂದವಳು.

ಸುಮತಿ ಕುರ್ಚಿ ಏರಿದಳು. ದೀಪ ಆರಿತು. ಬೋರ್ಡು ಬೆಳಗಿತು. ವಿಶ್ವನಾಥ ಹಿಂದಿನಿಂದ ಬಾಗಿ ಇನ್ನೇನು ಉಸಿರು ಬಿಡಬೇಕು...

"ಸಾರ್" ಎಂದಳು ಹರ್ಷಿಣಿ, ತಿರುಗಿ ಕೂಡ ನೋಡದೆ. "ಕಣ್ಣು ಯಾರದು? ನಿಮ್ಮದಾ, ಮೇಡಮ್ಮಂದಾ? ನೀಂಗ ವೆಳಿಯ ಉಕ್ಕಾರುಂಗ."

ಮಂತ್ರಿಯನ್ನು ಸಂಪುಟದಿಂದ ಕೈಬಿಟ್ಟಂತೆ ವಿಶ್ವನಾಥ ಹೊರಗಿನ ಬೆಂಚಿಗೆ ಬಂದು ಬಿದ್ದ. ಹತ್ತು ಗಂಟೆ ಐದು ನಿಮಿಷ. ಬಾಗಿಲ ಪರದೆಯ ಆಚೆಯಿಂದ ಸುಮತಿಯ ದನಿ ಕೇಳಿಸಿತು. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ, ಆಮೇಲೆ ತಡೆಯಿಲ್ಲದೆ. "ಇ... ಎಫ್... ಝಡ್..."

ಎಫ್? ಬಾಗಿಲ ಸಂದಿಯಲ್ಲಿ ವಿಶ್ವನಾಥನಿಗೆ ಬೋರ್ಡು ಕಾಣುತ್ತಿತ್ತು. ಅಲ್ಲಿರುವುದು ಪಿ! ಹೋಯಿತು, ಎಲ್ಲ ಹೋಯಿತು! ಅವನಿಗೆ ತಡೆಯಲಾಗಲಿಲ್ಲ. ಪರದೆ ಸರಿಸಿ ತಲೆ ತೂರಿಸಿ ಕೂಗಿದ: "ತಪ್ಪು ಕಣೇ! ಪಿ! ಪಿ ಅನ್ನು!"

"ಎಫ್ ತಾನ್ ಸಾರ್" ಎಂದಳು ಹರ್ಷಿಣಿ ಸಮಾಧಾನವಾಗಿ. "ಮೇಡಂ ಕರೆಕ್ಟ್. ಮೇಡಂಗೆ ಗಾಜೇ ಇಲ್ಲದೆ ಕೊನೇ ಸಾಲಿನವರೆಗೆ ಕಾಣುತ್ತೆ. ದೂರಕ್ಕೆ ಏನೂ ಬೇಡ. ಓದೋಕೆ ಮಾತ್ರ ಪ್ಲಸ್ ಒಂದೂಕಾಲು. ಅರ್ಧ ಗಂಟೇಲಿ ಹಾಕಿಕೊಡ್ತೀನಿ." ಆಮೇಲೆ ಖಾಲಿ ಕುರ್ಚಿಯನ್ನು ತಟ್ಟಿ, "ನೀವು ಇಲ್ಲಿ ಕೂತ್ಕೊಳ್ಳಿ ಸಾರ್" ಎಂದಳು.

ವಿಶ್ವನಾಥ ಕೂತ. ಓದಿದ. ಮೊದಲ ಸಾಲಿನ ಆನೆಗಾತ್ರದ ಅಕ್ಷರ ದಾಟಿ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬೆವೆತುಹೋದ. ಹರ್ಷಿಣಿ ಗಾಜಿನ ಮೇಲೆ ಗಾಜು ಹಾಕಿದಳು, ಬರೆದಳು. ಸುಮತಿಯ ಕೈಚೀಲದಿಂದ ಇಣುಕುತ್ತಿದ್ದ ಗುಲಾಬಿ ಕನ್ನಡಕವನ್ನು ಯಂತ್ರಕ್ಕಿಟ್ಟು ನೋಡಿ ನಕ್ಕಳು. "ಇದು ಯಾರಿಗೆ ಮಾಡಿಸಿದ್ದು ಸಾರ್? ಹೆಚ್ಚುಕಮ್ಮಿ ನಿಮ್ಮದೇ ಪವರ್!"

ಮೂರು ಅಂಗಡಿಯವರೂ ಸುಳ್ಳರಾಗಿರಲಿಲ್ಲ. ಮೂವರೂ ಸುಮತಿಯನ್ನು ಕೂರಿಸಿಕೊಂಡು ವಿಶ್ವನಾಥನ ಕಣ್ಣನ್ನೇ ಪರೀಕ್ಷೆ ಮಾಡಿದ್ದರು! ಅವನು ಬೋರ್ಡಿಗೆ ಹತ್ತಿರ ಕೂತಲ್ಲಿ ಕಡಿಮೆ, ಬಾಗಿಲ ಬಳಿ ನಿಂತಲ್ಲಿ ಜಾಸ್ತಿ.

"ಅಲ್ಲ ಕಣೇ" ಎಂದ ವಿಶ್ವನಾಥ ಸಣ್ಣ ದನಿಯಲ್ಲಿ, "ನಿನಗೆ ಎಫ್ ಕಾಣ್ತಿದ್ರೆ ಆ ಅಂಗಡಿಗಳಲ್ಲಿ ಪಿ ಅಂತ ಯಾಕೆ ಹೇಳಿದೆ?"

"ನೀವು ಪಿ ಅಂದ್ರಲ್ಲ. ಡಿಗ್ರಿ ಓದಿದೋರು. ನಿಮಗೇ ಸರಿಯಾಗಿ ಗೊತ್ತಿರುತ್ತೆ, ನನ್ನ ಕಣ್ಣೇ ಕೆಟ್ಟಿರ್ಬೇಕು ಅಂದ್ಕೊಂಡೆ."

ಒಳಗೆ ಗಾಜು ಅರೆಯುವ ಸದ್ದು. ಹತ್ತೂವರೆ. ಹತ್ತೂಮುಕ್ಕಾಲು. ವಿಶ್ವನಾಥ ಬೆಂಚಿನ ಮೇಲೆ ಕೂತು ಗುಲಾಬಿ ಕನ್ನಡಕವನ್ನು ಮೂಗಿಗೇರಿಸಿದ. ಎದುರಿನ ಮರದಲ್ಲಿ ಎಲೆಗಳು ಒಂದೊಂದಾಗಿ ಹುಟ್ಟಿಕೊಂಡವು! ಪಕ್ಕಕ್ಕೆ ತಿರುಗಿದ. ಸುಮತಿ ಗಡಿಯಾರ ನೋಡುತ್ತಾ ತುಟಿ ಕಚ್ಚಿಕೊಂಡಿದ್ದಳು. ಅವಳಿಗೆ ಎಷ್ಟು ಭಯವಾಗಿತ್ತು ಎನ್ನುವುದೂ ಅವನಿಗೆ ಆಗಲೇ ಸ್ಪಷ್ಟವಾಗಿ ಕಂಡಿದ್ದು.

ಹತ್ತು ಐವತ್ತೆರಡಕ್ಕೆ ಕನ್ನಡಕ ಕೈಗೆ ಬಂತು. ಹನ್ನೊಂದಕ್ಕೆ ಒಂದು ನಿಮಿಷವಿದ್ದಾಗ ಇಬ್ಬರೂ ಸ್ಟುಡಿಯೋ ಮೆಟ್ಟಿಲು ಹತ್ತಿದರು.

ರೆಕಾರ್ಡಿಂಗ್ ಕೋಣೆಗೆ ಸುಮತಿಯೊಬ್ಬಳೇ ಹೋದಳು. ಗಾಜಿನ ಆಚೆ ನಿಂತು ಮೂಗಿನ ತುದಿಯ ಕನ್ನಡಕದಿಂದ ಹಾಳೆ ಓದಿದಳು, ಅದರ ಮೇಲಿನಿಂದ ಪರದೆ ನೋಡಿದಳು. ಮೊದಲ ಸಾಲಿಗೆ ತಡವರಿಸಿದಳು. ಡೈರೆಕ್ಟರು ಹುಬ್ಬು ಗಂಟಿಕ್ಕಿದರು. ಈಚೆ ವಿಶ್ವನಾಥನ ತುಟಿ ಚುರುಚುರು ಎಂದಿತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತ. ಎರಡನೆಯ ಸಲ ಸುಮತಿ ಬಾಯಿ ತೆರೆದಳು ನೋಡಿ! ಪರದೆಯ ಮೇಲಿನ ಸೊಸೆಯಿರಲಿ, ಈಚೆ ಕೂತಿದ್ದ ಸೌಂಡ್ ಇಂಜಿನಿಯರೂ ಒಂದು ಸಲ ಬೆಚ್ಚಿ ಬಿದ್ದ. ಅತ್ತೆ ಎಂದರೆ ಅತ್ತೆ! ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಾಲ್ಕು ದೃಶ್ಯ ಮುಗಿದವು.

ಹೊರಗೆ ಬಂದ ರಮಾಬಾಯಿಯವರ ಮುಖ ಅರಳಿತ್ತು. "ವಾರಕ್ಕೆ ಮೂರು ದಿನ ಬರೋಕಾಗುತ್ತಾ ಸುಮತಿಯವರೇ?"

ವಿಶ್ವನಾಥನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಸುಮತಿ ಹೊಸ ಕನ್ನಡಕದ ಮೇಲಿನಿಂದ ಅವನನ್ನು ಒಂದು ಸಲ ನೋಡಿದಳು. ಬಾಯಿ ಮುಚ್ಚಿಕೊಂಡಿತು.

"ಬರ್ತೀನಿ" ಎಂದಳು ಸುಮತಿ.

ರಮಾಬಾಯಿ ಈಗ ಗುಲಾಬಿ ಫ್ರೇಮಿನೊಳಗೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ ಗಂಡಸಿನ ಕಡೆ ತಿರುಗಿದರು. "ಸರ್, ನೀವು ಕಾಫಿ ಕುಡೀತೀರಾ?"

ವಿಶ್ವನಾಥ ಹೆಂಡತಿಯ ಮುಖ ನೋಡಿದ.

"ಕುಡೀತಾರೆ" ಎಂದಳು ಸುಮತಿ. "ಸಕ್ಕರೆ ಬೇಡ."