ಕೆಂಪು ಬಳಿದ ತೋಟಾಗಳ ಬಗ್ಗೆ ಹಬ್ಬದೂಟದಲ್ಲಿ ಬಾಯಿ ಬಿಡದಿರುವ ಕುರಿತು

ಉಲ್ಲೇಖ: "ಮಾವ, ನಿನ್ನ ದುರ್ಬೀನು ಕೆಟ್ಟಿಲ್ಲ. ಅವತ್ತು ನೀನು ಹೊಡೆದಿದ್ದು ನನ್ನ ತೋಟಾ" ಎಂದು ನಿನ್ನೆ ಕೊಟ್ಟಿಗೆಯಲ್ಲಿ ಖಾಲಿ ಪೆಟ್ಟಿಗೆ ಹಿಡಿದು ತಾವು ನೀಡಿದ ಮೌಖಿಕ ಹೇಳಿಕೆ.

ಇಂದ: ವೆಂಡೆಲ್ ಸಾರ್ಸ್ಟಾಡ್, ತಮ್ಮ ಸೋದರಮಾವ, ಮೊಂಟಾನಾ.

ಗೆ: ಕುಮಾರಿ ಬ್ರಿನ್, ವಯಸ್ಸು ಹನ್ನೆರಡು, ಅಡುಗೆಮನೆ ಪಕ್ಕದ ಕೋಣೆ.

ವಿಷಯ: ಗುರುವಾರದ ಹಬ್ಬದೂಟದಲ್ಲಿ ಸದರಿ ಸಂಗತಿ ಎತ್ತದಿರಲು ಕೋರಿಕೆ.

ಮಾನ್ಯರೇ,

೧. ಮೊದಲ ಬಂದೂಕು ತಮ್ಮ ಭುಜಕ್ಕೆ ಒದೆಯಬಾರದೆಂಬ ಕಾರಣ ಅಜ್ಜ ಆಲ್ಡನ್ ಅವರು ಮದ್ದು ಕಡಿಮೆ ಹಾಕಿ ತಮಗೆಂದೇ ಕೈಯಾರೆ ತೋಟಾ ತುಂಬುತ್ತಾರೆ. ಗುರುತಿಗೆ ಬುಡದಲ್ಲಿ ಅಜ್ಜಿಯ ಉಗುರುಬಣ್ಣ ಬಳಿಯುತ್ತಾರೆ. ಅರ್ಜಿದಾರನ ಬಂದೂಕಿಗೂ ಅದೇ ಅಳತೆಯ ತೋಟಾ. ಆದ್ದರಿಂದ ಕೊಟ್ಟಿಗೆಯಲ್ಲಿ ಕಂಡ ತೋಟಾ ಪೆಟ್ಟಿಗೆ ತನ್ನದೆಂದೂ, ಬಣ್ಣ ತನ್ನ ತಂದೆಯಾದ ಸದರಿ ಅಜ್ಜನ ಪ್ರೀತಿಯೆಂದೂ ಆತನು ಭಾವಿಸಿದನು.

೨. ಗುರಿ ಹೊಂದಿಸಲು ಹೊಡೆದಾಗ ಗುಂಡುಗಳು ಗುರಿಗಿಂತ ಕೆಳಗೇ ಬಿದ್ದವು. ಆ ಕಾರಣ, ಬಂದೂಕಿನ ಮೇಲಿನ ದುರ್ಬೀನನ್ನು ತಿರುಗಿಸಿ ತಿರುಗಿಸಿ ಮೇಲಕ್ಕೆ ಹೊಂದಿಸಲಾಯಿತು. ಭುಜ ನೋಯಲೇ ಇಲ್ಲ. ಇದು ವಯಸ್ಸಾದಂತೆ ಬಂದ ಕಸುವೆಂದು ಅಲ್ಲಿದ್ದವರೆಲ್ಲರಿಗೂ ತಿಳಿಸಲಾಯಿತು.

೩. ಬೇಟೆಯ ಮೊದಲ ಬೆಳಗ್ಗೆ ಅರ್ಜಿದಾರನು ಜೇಬಿನಲ್ಲಿದ್ದ ಹಳೆಯ, ಪೂರ್ತಿ ಮದ್ದಿನ ತೋಟಾ ಹಾಕಿದನು. ಗುಂಡು ಜಿಂಕೆಯ ಬೆನ್ನ ಮೇಲೆ ಹಾರಿತು. ಬಂದೂಕು ಒದ್ದು ದುರ್ಬೀನು ಹುಬ್ಬು ಸೀಳಿತು. ಜಿಂಕೆ ಸ್ವಲ್ಪ ಹೊತ್ತು ನಿಂತು ನೋಡಿತು. ಗುರಿ ತಪ್ಪಿದ್ದಕ್ಕೆ ದುರ್ಬೀನು ಕೆಟ್ಟಿದೆಯೆಂದೂ, ಹುಬ್ಬಿಗೆ ಕೊಟ್ಟಿಗೆಯ ಬಾಗಿಲು ಬಡಿಯಿತೆಂದೂ ಮನೆಯವರಿಗೆ ವರದಿ ಸಲ್ಲಿಸಲಾಗಿದೆ.

೪. ಅದರ ಹಿಂದಿನ ದಿನವೇ "ಹತ್ತಿ ತುಂಬಿದ ತೋಟಾ ಹಿಡ್ಕೊಂಡು ಬೇಟೆಗೆ ಬರ್ತೀಯಾ? ಮುಂದಿನ ವರ್ಷ ನೋಡೋಣ" ಎಂದು ಅರ್ಜಿದಾರನೇ ಎಲ್ಲರೆದುರು ಅಂದು, ತಮ್ಮನ್ನು ಬಿಟ್ಟುಹೋದದ್ದು ನಿಜ. ತಾವು ಬೇಸಿಗೆಯಿಡೀ ಅಭ್ಯಾಸ ಮಾಡಿ, ಸದ್ದಿಗೆ ಕಣ್ಣು ಮುಚ್ಚದೆ ಹೊಡೆಯಲು ಕಲಿತದ್ದೂ ನಿಜ. ಅಜ್ಜನ ಮಂಡಿ ಗುಡ್ಡ ಹತ್ತದ ಕಾರಣ, ಅರ್ಜಿದಾರನು ಕರೆದೊಯ್ಯದಿದ್ದರೆ ತಮಗೆ ಈ ವರ್ಷ ಬೇಟೆಯೇ ಇಲ್ಲವೆಂಬುದೂ ಆತನಿಗೆ ಗೊತ್ತಿತ್ತು.

ಆದ್ದರಿಂದ, ವಿಷಯವು ಊರೆಲ್ಲ ಹೇಳಿ ನಗುವ ತಮ್ಮ ತಂದೆಯವರ ಕಿವಿಗೆ ಬಿದ್ದರೆ ಅರ್ಜಿದಾರನಿಗೆ ಈ ಕಣಿವೆಯಲ್ಲಿ ಉಳಿಗಾಲವಿಲ್ಲದ ಕಾರಣ, ಮೌನ ಮಂಜೂರು ಮಾಡಬೇಕೆಂದು ಪ್ರಾರ್ಥನೆ.

ಹುಬ್ಬಿಗೆ ಪಟ್ಟಿ ಅಂಟಿಸಿಕೊಂಡಿರುವ ತಮ್ಮ ವಿಶ್ವಾಸಿ,
ವೆಂಡೆಲ್

ಲಗತ್ತು: ಸಿಹಿಗುಂಬಳದ ಪೈ, ಇಡಿಯಾಗಿ. ಹುಬ್ಬಿನ ಭಾವಚಿತ್ರ (ಯಾರಿಗೂ ತೋರಿಸತಕ್ಕದ್ದಲ್ಲ).

ಷರಾ, ಪೆನ್ಸಿಲಿನಲ್ಲಿ: "ಪೈ ಮುಟ್ಟಿತು. ಶನಿವಾರ ನನ್ನನ್ನ ಕರ್ಕೊಂಡು ಹೋದ್ರೆ ಹೇಳಲ್ಲ. ಜಿಂಕೆ ಬಿದ್ರೆ ಹೊರೋದು ನೀನು."

ಮರುಷರಾ: "ಒಪ್ಪಿದೆ ತಾಯಿ. ನಿನ್ನ ತೋಟಾದಲ್ಲಿ ನನಗೂ ಒಂದೆರಡು ಕೊಟ್ಟಿರು, ಹುಬ್ಬಿನ ಗಾಯ ಇನ್ನೂ ವಾಸಿಯಾಗಿಲ್ಲ."

ವಿಲೇವಾರಿ: ಶನಿವಾರ ಮಧ್ಯಾಹ್ನ ಕುಮಾರಿ ಬ್ರಿನ್ ಎರಡೂ ಬಂದೂಕು ಹೆಗಲಿಗೇರಿಸಿ ಗುಡ್ಡ ಇಳಿದಳು. ಬಹಳ ಹಿಂದೆ, ಹಿಮದಲ್ಲಿ ಜಿಂಕೆ ಎಳೆಯುತ್ತ, ಅಲ್ಲಲ್ಲಿ ಕೂರುತ್ತ, ಅರ್ಜಿದಾರನು ಬರುತ್ತಿದ್ದನು.