ಎಡದಿಂದಲೂ ಬಲದಿಂದಲೂ ನಮ್ಮತ್ತೆ

ನನ್ನ ಸೋದರತ್ತೆ ಹುಟ್ಟಿದ ಮೇಲೆ ಒಂದೇ ಒಂದು ಪ್ರಶ್ನೆಗೂ ನೇರವಾಗಿ ಉತ್ತರ ಕೊಟ್ಟವಳಲ್ಲ! ಕೋಲಾರದ ಕಾಲೇಜೊಂದರಲ್ಲಿ ಗಣಿತದ ಮೇಡಂ. ಯಾವುದೇ ಆಗಲಿ, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಹತ್ತಿರ ಹೋಗಿ ನೋಡದೆ ನಂಬುವುದಿಲ್ಲ.

ಬಸ್ಸಾರಿಗೆ ಉಪ್ಪು ಎಷ್ಟು? ಒಂದು ಪಾತ್ರೆಯಲ್ಲಿ ಸಪ್ಪೆ ಸಾರು. ಅದಕ್ಕೆ ಚಿಟಿಕೆ ಚಿಟಿಕೆ ಉಪ್ಪು. ಇನ್ನೊಂದರಲ್ಲಿ ಬಾಯಿಗಿಡಲಾರದಷ್ಟು ಉಪ್ಪು. ಅದಕ್ಕೆ ಚೂರು ಚೂರೇ ನೀರು. ಎರಡೂ ಒಂದೇ ರುಚಿಗೆ ಬಂದರೆ ಮಾತ್ರ ಬಡಿಸುತ್ತಾಳೆ. ಅಷ್ಟರಲ್ಲಿ ಮುದ್ದೆ ಕಲ್ಲಾಗಿರುತ್ತದೆ. ಒಮ್ಮೆ ಸೋಮವಾರ ಬಾದಾಮಿ ಮಾವಿನಹಣ್ಣು ಕೊಯ್ದಳು, ಹುಳಿ. ಬುಧವಾರ ಇನ್ನೊಂದು ಕೊಯ್ದಳು, ಕೊಳೆತಿತ್ತು. "ನೋಡಿದ್ಯಾ? ಮಂಗಳವಾರ ಸರಿಯಾಗಿತ್ತು ಕಣೇ!" ಎಂದು ಖುಷಿಪಟ್ಟಳು. ತಿಂದವರು ಯಾರು ಸ್ವಾಮಿ?

ಇಂಥವಳಿಗೂ ನಮ್ಮಪ್ಪನಿಗೂ ಆರು ವರ್ಷ ಮಾತಿರಲಿಲ್ಲ. ಶ್ರೀನಿವಾಸಪುರದ ಮಾವಿನ ತೋಟ ಪಾಲಾಗುವಾಗ ಅಪ್ಪ, "ಲೆಕ್ಕ ಹೇಳ್ಕೊಡೋಳಿಗೆ ತೋಟ ಯಾಕೆ?" ಅಂದುಬಿಟ್ಟಿದ್ದ. "ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ" ಎಂದು ಅತ್ತೆ ಹೊರಟುಹೋಗಿದ್ದಳು. ನಡುವೆ ಸಿಕ್ಕಿಕೊಂಡವಳು ನಾನು. ಇಬ್ಬರೂ ನನಗೆ ಬೇಕಾಗಿತ್ತು.

ನಾನು ಮೊದಲ ಪಿಯುಸಿ ಗಣಿತದಲ್ಲಿ ಡುಮ್ಕಿ ಹೊಡೆದಾಗ ಅತ್ತೆ ಭಾನುವಾರ ಭಾನುವಾರ ಬಸ್ಸು ಹತ್ತಿ ನಮ್ಮೂರಿಗೆ ಬಂದಳು. ಮೊದಲ ವಾರ ಪಾಠ ನಡೆದದ್ದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಮುಂದಿನ ವಾರ ನಮ್ಮ ಬೀದಿಯ ಹುಣಸೆಮರದ ಕೆಳಗೆ. ಆಮೇಲೆ ಗೇಟಿನ ಹತ್ತಿರ. ಕೊನೆಗೆ ಜಗಲಿ. ಅಪ್ಪನೇನು ಸುಮ್ಮನಿದ್ದನೇ? ಹಿತ್ತಲಲ್ಲಿ ಕೂತು ಪೇಪರ್ ಓದುವವನು ನಡುಮನೆಗೆ ಬಂದ, ಆಮೇಲೆ ಬಾಗಿಲ ಮರೆಗೆ. ಕೈಯಲ್ಲಿ ಹೋದ ವಾರದ ಪೇಪರ್!

ಜಗಲಿಗೆ ಬಂದ ದಿನದ ಲೆಕ್ಕ ಇದು: ಎಕ್ಸ್ ವರ್ಗದಲ್ಲಿ ನಾಲ್ಕು ಕಳೆದು, ಬಂದದ್ದನ್ನು ಎಕ್ಸ್ ಮೈನಸ್ ಎರಡರಿಂದ ಭಾಗಿಸು. ಎಕ್ಸ್ ಎರಡರ ಹತ್ತಿರ ಹೋದರೆ ಏನಾಗುತ್ತದೆ? ನಾನು ಎರಡನ್ನೇ ಹಾಕಿದೆ. ಸೊನ್ನೆಯ ಕೆಳಗೆ ಸೊನ್ನೆ!

"ಲೇ, ನೇರ ನುಗ್ಗಬೇಡ ಕಣೇ. ಒಂದು ಪಾಯಿಂಟ್ ಒಂಬತ್ತು ಹಾಕು."

"ಮೂರು ಪಾಯಿಂಟ್ ಒಂಬತ್ತು ಬಂತು."

"ಇನ್ನೂ ಹತ್ರ ಹೋಗು. ಒಂದು ಪಾಯಿಂಟ್ ಒಂಬತ್ತು ಒಂಬತ್ತು."

"ಮೂರು ಪಾಯಿಂಟ್ ಒಂಬತ್ತು ಒಂಬತ್ತು."

"ಈಗ ಆ ಕಡೆಯಿಂದ ಬಾ. ಎರಡು ಪಾಯಿಂಟ್ ಸೊನ್ನೆ ಒಂದು."

"ನಾಲ್ಕು ಪಾಯಿಂಟ್ ಸೊನ್ನೆ ಒಂದು."

"ಹಂಗಾದ್ರೆ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಅಪ್ಪನ ದನಿ ಬಂತು.

"ನಾಲ್ಕೇ ಅಲ್ವೇನಮ್ಮಾ?"

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಅಪ್ಪ! ಇಷ್ಟು ವಾರ ನನ್ನ ಜೊತೆ ಅವನೂ ಪಾಠ ಕೇಳುತ್ತಿದ್ದ.

ಅತ್ತೆ ಬಾಗಿಲ ಕಡೆ ತಿರುಗಿದಳು. "ನಾಲ್ಕೇ ಕಣಣ್ಣಾ" ಅಂದಳು.

ಅಪ್ಪ ಹೊಸ್ತಿಲ ತನಕ ಬಂದು ನಿಂತ. "ಅವತ್ತು ನಾನು ಹಂಗನ್ನಬಾರದಾಗಿತ್ತು ಕಣಮ್ಮಾ. ಒಳಗೆ ಬಾ."

ಅತ್ತೆ ಎದ್ದಳು. ಒಂದು ಕಾಲಿನ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಅಣ್ಣನ ಕೈ ಹಿಡಿದುಕೊಂಡಳು. ಇಬ್ಬರೂ ಅಳುತ್ತಿದ್ದರು. ನಾನು ಪುಸ್ತಕದಲ್ಲಿ ನಾಲ್ಕು ಎಂದು ಬರೆಯಲು ಹೋದೆ, ಕಣ್ಣು ಕಾಣಿಸಲಿಲ್ಲ.