ಹಸಿರು ದೇಶಕ್ಕೊಂದು ಕೆಂಪು ಗುಂಡುಸೂಜಿ

ಊಟ ಮುಗಿಸಿ ಬಂದು ಕುಳಿತ ಗುಮಾಸ್ತನಿಗೆ ಕಣ್ಣು ಎಳೆಯತೊಡಗಿತು. ಯುದ್ಧ ಕಚೇರಿಯ ನಕ್ಷೆ ಕೋಣೆಯಲ್ಲಿ ಅವನ ಕೆಲಸ ಇಷ್ಟೇ: ಶತ್ರುವಿನ ನೆಲಕ್ಕೆ ಕೆಂಪು ಗುಂಡುಸೂಜಿ, ಮಿತ್ರರ ನೆಲಕ್ಕೆ ನೀಲಿ. ನಾಳೆಯಿಂದ ರಜೆ. ಉತ್ತರದ ಪುಟ್ಟ ನೆರೆದೇಶದ ತವರಿನಲ್ಲಿ ಅವನ ಹೆಂಡತಿ ಹೆತ್ತಿದ್ದಳು. ಮಗಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಯಾವ ಸೂಜಿಯೂ ಇಲ್ಲದೆ ನಕ್ಷೆಯಲ್ಲಿ ಹಸಿರಾಗಿದ್ದ ಆ ದೇಶವನ್ನು ನೋಡುತ್ತ ನೋಡುತ್ತ, ಕೈಯಲ್ಲೊಂದು ಸೂಜಿ ಹಿಡಿದೇ ತೂಕಡಿಸಿದ. ಕನಸಿನಲ್ಲಿ ಗೋಡೆಯೆಲ್ಲ ಹುಲ್ಲುಗಾವಲಾಗಿ, ಅದರ ನಡುವೆ ಮಗು ಕೈಚಾಚಿತು. ಇವನೂ ಚಾಚಿದ.

ಎಚ್ಚರವಾದಾಗ ಹಸಿರಿನ ನಡುವೆ ಒಂದು ಕೆಂಪು ಸೂಜಿ ನಿಂತಿತ್ತು.

ಕೀಳಬೇಕೆನ್ನುವಷ್ಟರಲ್ಲಿ ಬೇಹುಗಾರಿಕೆಯ ಮೇಜರ್ ಒಳಬಂದರು. ಆ ಕಚೇರಿಯಲ್ಲಿ ಗುಟ್ಟು ಬಿಟ್ಟುಕೊಡುವುದಕ್ಕಿಂತ ಗುಟ್ಟು ಗೊತ್ತಿಲ್ಲದಿರುವುದೇ ದೊಡ್ಡ ಅವಮಾನ. ಮೇಜರ್ ಸೂಜಿಯನ್ನು ನೋಡಿ, ಎಲ್ಲ ಬಲ್ಲವರಂತೆ ತಲೆದೂಗಿದರು.

"ನನಗೆ ಮೊದಲೇ ಗೊತ್ತಿತ್ತು. ಅದನ್ನ ಮುಟ್ಟಬೇಡಿ."

ವಿದೇಶಾಂಗ ಕಾರ್ಯದರ್ಶಿಗಳಂತೂ ತಮಗೆ ಹೋದ ವರ್ಷವೇ ಅನುಮಾನವಿತ್ತೆಂದರು. ನಡೆಯುತ್ತಿದ್ದ ಯುದ್ಧ ಮುಗಿಯುತ್ತ ಬಂದಿತ್ತು. ಮುಗಿದರೆ ಕಚೇರಿಗೆ ಬೀಗ. ಹೊಸ ಶತ್ರು ಸಿಕ್ಕಿದ ಸಂತೋಷಕ್ಕೆ ಇಬ್ಬರೂ ಮದುವೆ ಮನೆಯವರಂತೆ ಓಡಾಡಿದರು. ಸಂಜೆಯ ಹೊತ್ತಿಗೆ ದಾಳಿಯ ಯೋಜನೆ ಸಿದ್ಧವಾಗಿ, ಉತ್ತರದ ಗಡಿ ದಾಟುವ ರೈಲೂ ನಿಂತಿತು.

ಗುಮಾಸ್ತ ಎದ್ದು ಓಡಿದ. ನೇರವಾಗಿ ಜನರಲ್ ಕೋಣೆಗೆ ನುಗ್ಗಿದ.

"ಸಾರ್, ಅದು ನಾನು ನಿದ್ದೆಗಣ್ಣಲ್ಲಿ ಚುಚ್ಚಿದ್ದು. ಅಲ್ಲಿ ಶತ್ರು ಯಾರೂ ಇಲ್ಲ. ನನ್ನ ಹೆಂಡತಿ, ಮಗು ಇದ್ದಾರೆ."

ಜನರಲ್ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಈಗ ತಾನೇ ಅವರ ರಾಯಭಾರಿ ಬಂದು ಅತ್ತು ಹೋದರು. ನಮ್ಮ ಮೇಲೆ ಬೀಳೋಕೆ ಒಳಗೊಳಗೇ ಸೈನ್ಯ ಕೂಡಿಸ್ತಿದ್ದರಂತೆ. ನಮಗೆ ಹೇಗೆ ತಿಳೀತು ಅಂತ ಕೇಳಿದರು. ನನಗೇ ಗೊತ್ತಿರಲಿಲ್ಲ, ಏನು ಹೇಳಲಿ? ಸುಮ್ಮನೆ ನಕ್ಕೆ. ಹೆದರಿ ಸಂಧಿಗೆ ಸಹಿ ಹಾಕಿಬಿಟ್ಟರು."

"ಹಾಗಾದರೆ ರೈಲು ಬಿಡ್ತಾರಾ ಸಾರ್?"

"ನಾಳೆ ಬೆಳಿಗ್ಗೆನೇ ಬಿಡ್ತಾರೆ. ಆದರೆ ನಿಮ್ಮಂಥವರನ್ನ ರಜೆ ಮೇಲೆ ಕಳಿಸೋಕಾಗುತ್ತಾ?"

ಮರುದಿನ ನಕ್ಷೆಯ ಮುಂದೆ ಮಂಚ, ಹಾಸಿಗೆ, ಮೆತ್ತನೆಯ ದಿಂಬು ಬಂದವು. ದೂರದಲ್ಲಿ ಉತ್ತರದ ರೈಲು ಕೂಗಿತು. ಮೇಜರ್ ಕಿಟಕಿ ಮುಚ್ಚಿ, ಗುಮಾಸ್ತನ ಕೈಗೆ ಕೆಂಪು ಸೂಜಿ ಕೊಟ್ಟು, ಮಲಗುವಂತೆ ಆಜ್ಞೆ ಮಾಡಿದರು. ಬಾಗಿಲ ಬಳಿ ಕಾರ್ಯದರ್ಶಿಗಳು ಉಸಿರು ಬಿಗಿಹಿಡಿದು ನಿಂತರು.

ಗುಮಾಸ್ತ ಕಣ್ಣು ಮುಚ್ಚಿದ. ಮಗಳನ್ನು ನೆನೆದು ಅಳು ಬಂತು. ನಿದ್ದೆ ಮಾತ್ರ ಬರಲಿಲ್ಲ.